ಹಿತ್ತಲಲ್ಲಿ ಸಿಂಥೆಟಿಕ್ ಕೋರ್ಟು: ಹೀರೋ ಬಣ್ಣ ಅಲ್ಲ, ಬುಡ!

ಶೆಟ್ಟಿಹಳ್ಳಿ ಅಂದ ತಕ್ಷಣ ಸಿನಿಮಾ ಮಂದಿಯ ಕಣ್ಮುಂದೆ ಬರೋದು ಒಂದೇ ಸೀನು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ನಿಂತ ಹಳೇ ಚರ್ಚು! 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟೆ ಬಂತು, ಹಳೇ ಊರು ಖಾಲಿಯಾಯಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತೆ. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಅಲ್ಲಿಗೆ ಹೋಗೋರಿಗೆ ಲೆಕ್ಕವಿಲ್ಲ.

ಆದರೆ ಗೆಳೆಯರೇ, ಈ ವಾರ ನಾವು ಹೇಳಹೊರಟಿರೋದು ಲೊಕೇಶನ್ ಸಮಾಚಾರ ಅಲ್ಲ. ಆ ಸೀಮೆಯಲ್ಲಿ ಮನೆ ಹಿಂದೆ ಒಂದಿಷ್ಟು ಹಿತ್ತಲಿರೋ ಯಾವ ಹುಡುಗನಿಗಾದರೂ ಬರಬಹುದಾದ ಆಸೆ. ಟಿವಿಯಲ್ಲಿ ಕಾಣುವ ಹಸಿರು-ನೀಲಿ ಸಿಂಥೆಟಿಕ್ ಕೋರ್ಟು ನಮ್ಮ ಹಿತ್ತಲಲ್ಲೂ ಇದ್ದರೆ? ಸಂಜೆ ದೀಪ ಹಾಕಿ ಶಟಲ್ ಆಡಿದರೆ?

ಆಸೆ ತಪ್ಪಲ್ಲ. ಆದರೆ ಅಪ್ಪನ ದುಡ್ಡು ಬಣ್ಣಕ್ಕೆ ಸುರಿಯೋ ಮೊದಲು ಎರಡು ಕಥೆ ಕೇಳಿ.

ಕಲ್ಯಾಣ ಮಂಟಪದ ಚಾಂಪಿಯನ್

ಮೊದಲನೆಯದು ನಮ್ಮ ಪ್ರಕಾಶ್ ಪಡುಕೋಣೆ ಕಥೆ. 1980ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್‌ನನ್ನು ನೇರ ಗೇಮ್‌ಗಳಲ್ಲಿ ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರಲ್ಲ, ಆ ಮನುಷ್ಯ ಆಟ ಕಲಿತದ್ದು ಎಲ್ಲಿ ಗೊತ್ತೆ? ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲಿನಲ್ಲಿ! ಮದುವೆ ಇದ್ದ ದಿನ ಆಟಕ್ಕೆ ರಜಾ. 2006ರಲ್ಲಿ ‘ಐಶ್ವರ್ಯ’ ಚಿತ್ರದಲ್ಲಿ ಉಪೇಂದ್ರ ಜೊತೆ ಬಂದು, ಆಮೇಲೆ ಮುಂಬಯಿಯನ್ನೇ ಗೆದ್ದ ದೀಪಿಕಾ ಇವರ ಮಗಳು. ಅವಳೂ ರಾಷ್ಟ್ರಮಟ್ಟದಲ್ಲಿ ಶಟಲ್ ಆಡಿದವಳೇ. ‘ಪೀಕು’ ಚಿತ್ರಕ್ಕೆ ಫಿಲ್ಮ್‌ಫೇರ್ ಬಂದಾಗ 2016ರಲ್ಲಿ ವೇದಿಕೆ ಮೇಲೆ ಅಪ್ಪನ ಪತ್ರ ಓದಿದಳು. ಆ ಪತ್ರದಲ್ಲೂ ಇದೇ ಮದುವೆ ಹಾಲಿನ ಪ್ರಸ್ತಾಪ ಇತ್ತು. ಕೋರ್ಟು ಇಲ್ಲ ಅಂತ ಅಪ್ಪ ಕೈಕಟ್ಟಿ ಕೂತಿರಲಿಲ್ಲ.

ಎರಡನೆಯದು ನೋವಿನ ಕಥೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ಹುಲ್ಲಿನ ಮೇಲೆ ಹಾಕಿ ವಿಶ್ವಕಪ್ ಗೆದ್ದಿತು ಭಾರತ. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್. ಅಲ್ಲಿ ಮೊದಲ ಬಾರಿಗೆ ಕೃತಕ ಹಾಸು! ನಮಗೆ ಬಂದದ್ದು ಏಳನೇ ಸ್ಥಾನ. ಕೊಡಗಿನ ಬಿ.ಪಿ. ಗೋವಿಂದ ಎರಡು ಕಡೆಯೂ ಆಡಿದವರು. ಆಟಗಾರರೇನೂ ಒಂದೇ ವರ್ಷದಲ್ಲಿ ಆಟ ಮರೆತಿರಲಿಲ್ಲ. ಕಾಲ ಕೆಳಗಿನ ನೆಲ ಬದಲಾಗಿತ್ತು.

ಅಂದರೆ ಮನಸ್ಸಿದ್ದರೆ ಮದುವೆ ಹಾಲೂ ಸಾಕು. ಆದರೂ ನೆಲ ಅನ್ನೋದು ಸಣ್ಣ ವಿಷಯವಲ್ಲ. ಹಾಗಾದರೆ ಹಳ್ಳಿ ಹುಡುಗ ಏನು ಮಾಡಬೇಕು?

ಒಂದೂವರೆ ಗುಂಟೆ ಲೆಕ್ಕ

ಶಟಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಓಡಾಡೋಕೆ ಹಿಂದೆ ಮುಂದೆ 6 ಅಡಿ, ಅಕ್ಕಪಕ್ಕ 4 ಅಡಿ ಬಿಟ್ಟರೆ 56ಕ್ಕೆ 28. ಹತ್ತಿರ ಹತ್ತಿರ ಒಂದೂವರೆ ಗುಂಟೆ. ಉದ್ದ ಉತ್ತರ-ದಕ್ಷಿಣಕ್ಕೆ ಇರಲಿ. ಇಲ್ಲದಿದ್ದರೆ ಸಂಜೆ ಸೂರ್ಯ ನೇರ ಕಣ್ಣಿಗೇ ಸ್ಮ್ಯಾಶ್ ಹೊಡೀತಾನೆ!

ಅಕ್ರಿಲಿಕ್ ಬಣ್ಣವಾಗಲಿ, ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಟೈಲ್ಸ್ ಆಗಲಿ, ಎರಡೂ ಬರೀ ಮೇಕಪ್ಪು. ಕಥೆ ಗಟ್ಟಿ ಇಲ್ಲದ ಚಿತ್ರವನ್ನು ಯಾವ ಸ್ಟಾರ್ ತಾನೇ ನೂರು ದಿನ ಓಡಿಸ್ತಾನೆ? ಇಲ್ಲಿ ಕಥೆ ಅಂದರೆ ಕೆಳಗಿನ ಬುಡ.

ಮೇಲ್ಮಣ್ಣು, ಬೇರು, ಕಸ ಎಲ್ಲ ತೆಗೀರಿ. ಎರೆಮಣ್ಣಾದರೆ ಇನ್ನೂ ಆಳಕ್ಕೆ ತೆಗೀರಿ. ನೀರು ಕುಡಿದು ಉಬ್ಬಿ, ಒಣಗಿ ಬಿರಿಯೋದು ಅದರ ಜಾಯಮಾನ. ಅಜ್ಜಂದಿರು ಕಣ ಮಾಡುವಾಗ ಮಣ್ಣು ಗಟ್ಟಿ ಮಾಡ್ತಿದ್ದರಲ್ಲ, ಅದೇ ಕೆಲಸ ಈಗ ರೋಲರಿನದು. ಆಮೇಲೆ ಜಲ್ಲಿ ಹಾಸಿ ದಮ್ಮಸ್ಸು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 4 ಇಂಚು ಕಾಂಕ್ರೀಟು. ಅಷ್ಟು ಜಾಗಕ್ಕೆ 520 ಘನ ಅಡಿ ಕಾಂಕ್ರೀಟು, ನೂರಕ್ಕೂ ಮೀರಿ ಚೀಲ ಸಿಮೆಂಟು. ದುಡ್ಡು ಕರಗೋದು ಇಲ್ಲೇ, ಉಳಿಸೋಕೆ ಹೋಗಬಾರದ್ದೂ ಇಲ್ಲೇ!

ಖಳನಾಯಕ ನೀರು

ಶೆಟ್ಟಿಹಳ್ಳಿಯವರಿಗೆ ನೀರಿನ ಬಲ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೂ ಈ ಕೋರ್ಟಿನ ಮೇಲೆ 1,450 ಲೀಟರ್ ನೀರು ಬಿದ್ದಂತೆ. ಅದು ಹೊರಟು ಹೋಗೋಕೆ 100 ಅಡಿಗೆ 1 ಅಡಿ ಇಳಿಜಾರು ಬೇಕು. ಅಂದರೆ 28 ಅಡಿ ಅಗಲದಲ್ಲಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಮೂರೂಕಾಲು ಮೂರೂವರೆ ಇಂಚು. ನಡು ತಗ್ಗು ಮಾಡಿದಿರೋ, ಕೆಟ್ಟಿರಿ.

ಬಿದ್ದ ನೀರು ಪಕ್ಕದ ಮನೆ ಹಿತ್ತಲಿಗೆ ನುಗ್ಗದ ಹಾಗೆ ಚರಂಡಿ ತೆಗೀರಿ ಮಾರಾಯರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯಿಂದ 1974ರಲ್ಲಿ ಬಂದ ‘ಭೂತಯ್ಯನ ಮಗ ಅಯ್ಯು’ ನೋಡಿದ್ದೀರಲ್ಲ? ನಿಮ್ಮ ಬೀದಿಯಲ್ಲಿ ಇನ್ನೊಂದು ಅಯ್ಯು-ಗುಳ್ಳ ಜಗಳ ಬೇಡ!

ಕಾಂಕ್ರೀಟು ಹಾಕಿದ ಮೇಲೆ ವಾರಕ್ಕೆ ಕಮ್ಮಿ ಇಲ್ಲದಂತೆ ನೀರು ಉಣಿಸಿ. ಬಣ್ಣಕ್ಕೆ 28 ದಿನ ತಡೀರಿ. ಮೇಲ್ಮೈ ಕನ್ನಡಿ ಹಾಗೆ ನುಣುಪಾಗೋದು ಬೇಡ, ಪೊರಕೆ ಎಳೆದಷ್ಟು ತರಿ ಇದ್ದರೇ ಬಣ್ಣ ಕಚ್ಚಿಕೊಳ್ಳೋದು. ಕೊನೆಗೆ ಒಂದು ಪರೀಕ್ಷೆ: ನೀರು ಸುರಿದು ಒಂದು ಗಂಟೆ ಬಿಡಿ. ನಿಂತ ನೀರಲ್ಲಿ ಒಂದು ನಾಣ್ಯ ಇಡಿ. ನಾಣ್ಯ ಮುಳುಗಿದರೆ ಆ ತಗ್ಗು ಮುಚ್ಚಿಸದೆ ಬಣ್ಣದ ಡಬ್ಬಿ ತೆರೀಬೇಡಿ. ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ ಇಟ್ಟುಕೊಂಡರೆ ಮುಂಗಾರಿನ ಒಳಗೆ ಕೆಲಸ ಮುಗಿಯುತ್ತೆ.

ಎರಡು ಕಂತಿನ ಪ್ಲಾನು

ಎಲ್ಲ ಒಟ್ಟಿಗೆ ಮಾಡಬೇಕು ಅಂತ ಯಾರು ಹೇಳಿದ್ದು? ಈ ವರ್ಷ ಬುಡ ಮಾತ್ರ ಹಾಕಿಸಿ. ಸುಗ್ಗಿಯಲ್ಲಿ ಅದೇ ಕಣ. ರಾಗಿ ಒಣಗಲಿ, ಮೆಣಸು ಒಣಗಲಿ, ಕಾಫಿ ಒಣಗಲಿ. ನೀರು ನಿಲ್ಲದ ನೆಲ ಕಾಳಿಗೂ ಒಳ್ಳೇದು, ಆಟಕ್ಕೂ ಒಳ್ಳೇದು. ಅಪ್ಪನ ಮುಂದೆ ಈ ಮಾತು ಎತ್ತಿ ನೋಡಿ, ಅರ್ಧ ಸಮ್ಮತಿ ಅಲ್ಲೇ ಸಿಗುತ್ತೆ! ಮಿಕ್ಕ ದಿನ ಸುಣ್ಣದ ಗೆರೆ ಎಳೆದು, ಕಂಬ ನೆಟ್ಟು, ನಡುವೆ 5 ಅಡಿ ಎತ್ತರಕ್ಕೆ ನೆಟ್ ಕಟ್ಟಿ. ಬಯಲು ಗಾಳಿಗೆ ಗರಿಯ ಶಟಲ್ ನಿಲ್ಲೋಲ್ಲ, ನೈಲಾನ್ ಸಾಕು. ಬರೀ ಕಾಂಕ್ರೀಟು ಮಂಡಿಗೆ ಪೆಟ್ಟು ಕೊಡುತ್ತೆ, ಅದಕ್ಕೇ ಒಳ್ಳೆ ರಬ್ಬರ್ ಅಟ್ಟೆಯ ಶೂಸಿಗೆ ಮಾತ್ರ ಜಿಪುಣತನ ಬೇಡ.

ಎರಡು ವರ್ಷ ಆದಮೇಲೂ ಸಂಜೆ ಐದಕ್ಕೆ ನಾಲ್ಕು ಜನ ಬ್ಯಾಟ್ ಹಿಡಿದು ಬರ್ತಿದ್ದಾರೆಯೇ? ಆಗ ನಾಲ್ವರೂ ಕೈಜೋಡಿಸಿ ಬಣ್ಣ ಹಾಕಿಸಿ. ಆಮೇಲೆ ಟ್ರ್ಯಾಕ್ಟರ್ ಚಕ್ರ ಅದರ ಮೇಲೆ ಹತ್ತಬಾರದು, ನೆನಪಿರಲಿ. ಯಾರೂ ಬರ್ತಿಲ್ಲವೇ? ಬಣ್ಣದ ದುಡ್ಡು ಉಳಿಯಿತು, ಅಪ್ಪನಿಗೆ ಕಣ ದಕ್ಕಿತು.

ನಷ್ಟ ಯಾರಿಗೂ ಇಲ್ಲದ ಇಂಥ ಚಿತ್ರಕ್ಕೆ ನಿರ್ಮಾಪಕ ಸಿಗದೇ ಇರ್ತಾನೆಯೇ?