ಲ್ಯಾಪ್‌ಟಾಪ್ ಚಾಲನೆಗೊಳ್ಳದಿರುವ ದೋಷ

ಲ್ಯಾಪ್‌ಟಾಪ್ ಚಾಲನೆಗೊಳ್ಳದಿರಲು ವಿದ್ಯುತ್ ಪೂರೈಕೆ, ಪರದೆ, ರ‍್ಯಾಮ್, ಡಿಸ್ಕ್ ಅಥವಾ ಕಾರ್ಯಾಚರಣ ವ್ಯವಸ್ಥೆಯ ದೋಷ ಕಾರಣವಾಗಿರಬಹುದು. ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅತಿಯಾಗಿ ಕಾದ ಯಂತ್ರವು ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತದೆ. ಅದನ್ನು ಮೊದಲು ತಣ್ಣಗಾಗಲು ಬಿಡಬೇಕು. ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಬಾರದು.

ದೀಪವೇ ಬೆಳಗದಿದ್ದರೆ ಚಾರ್ಜರನ್ನು ಬೇರೆ ಸಾಕೆಟ್ಟಿನಲ್ಲಿ ಪರೀಕ್ಷಿಸಬೇಕು. ಬಳಿಕ ಅದನ್ನು ಕಳಚಿ, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಒತ್ತಿಹಿಡಿದು, ಮತ್ತೆ ಜೋಡಿಸಿ ಚಾಲನೆ ಮಾಡಬೇಕು. ದೀಪ ಬೆಳಗಿಯೂ ಪರದೆ ಕಪ್ಪಾಗಿದ್ದರೆ ಹೊರಗಿನ ಮಾನಿಟರ್ ಜೋಡಿಸಬೇಕು. ಅದರಲ್ಲಿ ಚಿತ್ರ ಮೂಡಿದರೆ ದೋಷವು ಲ್ಯಾಪ್‌ಟಾಪಿನ ಪರದೆಯ ಭಾಗದಲ್ಲಿದೆ. ತಯಾರಕರ ಲಾಂಛನ ಮೂಡಿ ಅಲ್ಲಿಯೇ ನಿಂತರೆ ಡಿಸ್ಕ್ ಅಥವಾ ಕಾರ್ಯಾಚರಣ ವ್ಯವಸ್ಥೆಯನ್ನು ಪರೀಕ್ಷಿಸಬೇಕು.

ಯಂತ್ರ ನಿಂತ ಮಾತ್ರಕ್ಕೆ ಕಡತಗಳು ಅಳಿದಿರುವುದಿಲ್ಲ. ಆದುದರಿಂದ ದುರಸ್ತಿಯಲ್ಲಿ ವ್ಯವಸ್ಥೆಯನ್ನು ಮರುಸ್ಥಾಪಿಸುವ ಮುನ್ನ ಡಿಸ್ಕಿನಲ್ಲಿರುವ ಕಡತಗಳ ಪ್ರತಿ ಮಾಡಿಸಿಕೊಳ್ಳುವುದು ಅಗತ್ಯ.