ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಹುಟ್ಟಿ ಬೆಳೆದ ಬಗೆ



ಮನೆಯಲ್ಲೇ ಕೋಣೆ ಕೊಟ್ಟು ಬೆಳಗ್ಗೆ ತಿಂಡಿ ಹಾಕುವ 'ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್' ನಮ್ಮಲ್ಲೂ ಬೇರು ಬಿಟ್ಟಿದೆ. ದೆಹಲಿಯಲ್ಲಿ ಇದಕ್ಕೆಂದೇ 2007ರಲ್ಲಿ ಕಾಯ್ದೆ ಮಾಡಿದರು. ಕೊಡಗಿನ ಹೋಂಸ್ಟೇಗಳೂ ಇದೇ ಪೈಕಿ. ಇದು ದೊಡ್ಡದಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837-1901).

ಅಲ್ಲಿನ ಸಮುದ್ರ ತೀರದ ಬ್ಲ್ಯಾಕ್‌ಪೂಲ್ ಊರಿಗೆ 1846ರಲ್ಲಿ ರೈಲು ಬಂತು. ಸುತ್ತಮುತ್ತ ಹತ್ತಿ ಗಿರಣಿಗಳ ಊರುಗಳು. ವರ್ಷಕ್ಕೊಮ್ಮೆ ಒಂದೊಂದು ಊರಿನ ಗಿರಣಿಗಳು ಸರದಿಯಂತೆ ರಜೆ ಕೊಡುತ್ತಿದ್ದವು. ಹೀಗಾಗಿ ಬೇಸಿಗೆ ಪೂರ್ತಿ ಗಿರಾಕಿ ತಪ್ಪುತ್ತಿರಲಿಲ್ಲ. ರಜೆಗೆ ಸಂಬಳವಿಲ್ಲ. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಬರುವ ಕಾರ್ಮಿಕರಿಗೆ ದೊಡ್ಡ ಹೋಟೆಲು ಎಟುಕದು. ಅವರಿಗೆ ಮನೆ ಬಾಗಿಲು ತೆರೆದವರು ಹೆಂಗಸರು. ಎಷ್ಟೋ ಮಂದಿ ಸ್ವತಃ ಗಿರಣಿ ಊರಿನವರು. ಗಿರಾಕಿಯ ಮಾತು, ಊಟದ ರುಚಿ ಅವರಿಗೆ ಗೊತ್ತು. ಅದೇ ಕುಟುಂಬ ಪ್ರತಿ ವರ್ಷ ಅದೇ ಮನೆಗೆ ಬರುತ್ತಿತ್ತು. ಮುಂಬಯಿಯ ಗಿರಣಗಾಂವಿನಲ್ಲಿ ಖಾನಾವಳಿ ನಡೆಸಿದ ಹೆಂಗಸರನ್ನು ಕಂಡ ಹಿರಿಯ ಸದಸ್ಯರಿಗೆ ಇದು ಹೊಸದೆನಿಸದು.

ಆದರೆ ಆಗಿನ ಕ್ರಮವೇ ಬೇರೆ. ಗಿರಾಕಿ ಕೊಡುತ್ತಿದ್ದುದು ಕೋಣೆ ಬಾಡಿಗೆ ಮತ್ತು ಅಡುಗೆ ಕೂಲಿ. ಮಾಂಸ, ಆಲೂಗಡ್ಡೆ, ಮೊಟ್ಟೆ ಎಲ್ಲ ಅವನೇ ತಂದುಕೊಡಬೇಕು. ಯಜಮಾನಿ ಬೇಯಿಸಿ ಬಡಿಸುವಳು. ಆರು ಕುಟುಂಬ ಇದ್ದರೆ ಒಂದೇ ಒಲೆಯ ಮೇಲೆ ಆರು ಬಗೆಯ ಅಡುಗೆ! ಯಾರ ಮೊಟ್ಟೆ ಯಾವುದೆಂದು ನೆನಪಿಡಬೇಕು. ನಮ್ಮ ಭಟ್ಟರು ಮೊದಲ ದಿನವೇ ಓಡಿಹೋಗುತ್ತಿದ್ದರು. ಇದರ ಮೇಲೆ, ಮೇಜಿನ ಮೇಲೆ ಇಟ್ಟ ಉಪ್ಪು, ಮೆಣಸುಪುಡಿಗೂ ಬಿಲ್ಲಿನಲ್ಲಿ ಬೇರೆ ಚಾರ್ಜ್. ಅದಕ್ಕೆ 'ಕ್ರೂಯೆಟ್' ಎಂದು ಹೆಸರು. ಈ ಚಿಲ್ಲರೆ ಕಾಸಿನಿಂದ ಎಷ್ಟು ಲಾಭವಾಯಿತೋ, ನಾಟಕದ ಹಾಸ್ಯಗಾರರು ಮಾತ್ರ ಮನೆ ಯಜಮಾನಿಯರನ್ನು ಇದೇ ವಿಷಯಕ್ಕೆ ದಶಕಗಟ್ಟಲೆ ಗೇಲಿ ಮಾಡಿದರು. ಎಕ್ಸ್‌ಟ್ರಾ ಸಾಂಬಾರಿಗೆ ಚಾರ್ಜ್ ಎಂದು ಬೋರ್ಡು ತೂಗುಹಾಕಿದವರು ನಮ್ಮಲ್ಲೂ ಇದ್ದಾರೆ. ಅದನ್ನು ಇಡ್ಲಿಯ ರೇಟಿನಲ್ಲೇ ಸೇರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

20ನೇ ಶತಮಾನದಲ್ಲಿ ಈ ಕ್ರಮ ಕ್ರಮೇಣ ಬಿದ್ದುಹೋಯಿತು. ಸಾಮಾನು ಯಜಮಾನಿಯೇ ತರುವುದು, ಎಲ್ಲರಿಗೂ ಒಂದೇ ಅಡುಗೆ, ಒಂದೇ ಹೊತ್ತು, ಒಂದೇ ರೇಟು ಎಂದಾಯಿತು. ಗಿರಾಕಿ ಮಧ್ಯಾಹ್ನ, ರಾತ್ರಿ ಹೊರಗೆ ಉಣ್ಣುವುದು ಹೆಚ್ಚಿದಂತೆ ಬೆಳಗಿನ ತಿಂಡಿಯೊಂದೇ ಉಳಿಯಿತು: ಮೊಟ್ಟೆ, ಬೇಕನ್, ಸಾಸೇಜ್, ಟೋಸ್ಟ್, ಚಹಾ. ಒಬ್ಬ ಸಹಾಯಕಿಯಿದ್ದರೂ ಹತ್ತು ಗಂಟೆಯೊಳಗೆ ಅಡುಗೆಮನೆ ಕೆಲಸ ಮುಗಿಯುತ್ತದೆ.

ಮಹಡಿಯ ಮೇಲೆ ನಾಲ್ಕಾರು ಕೋಣೆ ಇರುವ ಸದಸ್ಯರು ಈ ಲೆಕ್ಕ ಹಾಕಿ ನೋಡಬಹುದು. ಕೆಳಗೆ ಹೇಗೂ ಬೆಳಗ್ಗೆ ಆರಕ್ಕೆ ಇಡ್ಲಿ, ಉಪ್ಪಿಟ್ಟು ತಯಾರಿರುತ್ತದೆ.