ತೊಲೆಗೆ ತೂಗಿದರೆ ಸೈಕಲ್ ಚಕ್ರ ಡೊಂಕಾಗುತ್ತದೆಯೇ?

ಬೇಸಿಗೆ ರಜೆ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಕ್ಕಳು ಶಾಲೆಗೆ ತುಳಿಯುವ ಸೈಕಲ್ಲಿಗೂ ಬಿಡುವು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಎಷ್ಟೋ ಮನೆಗಳಿಗೆ ಸೈಕಲ್ ಬಂದಿದೆ. ಅಂಗಳದಲ್ಲಿ ಬಿಟ್ಟರೆ ಬಿಸಿಲು, ಪಡಸಾಲೆಯಲ್ಲಿಟ್ಟರೆ ಓಡಾಡಲು ಅಡ್ಡಿ. ಮಾಳಿಗೆ ಮನೆಯ ತೊಲೆಗೆ ಕೊಕ್ಕೆ ಹಾಕಿ ತೂಗೋಣವೆಂದರೆ ಅಂಜಿಕೆ: ಭಾರಕ್ಕೆ ರಿಮ್ ಡೊಂಕಾದರೆ?

ಆಗುವುದಿಲ್ಲ.

ಎತ್ತಿನಗಾಡಿಯ ಚಕ್ರವನ್ನು ನೋಡಿ. ಅಚ್ಚಿನ ಕೆಳಗೆ ಬಂದ ದಪ್ಪ ಮರದ ಕಾಲು ಕಂಬದಂತೆ ನಿಂತು ಭಾರ ಹೊರುತ್ತದೆ. ಎರಡು ಮಿಲಿಮೀಟರ್ ದಪ್ಪದ ಸೈಕಲ್ ಕಡ್ಡಿಗೆ ಆ ಶಕ್ತಿಯಿಲ್ಲ, ಒತ್ತಿದರೆ ಬಾಗುತ್ತದೆ. ಎಳೆದರೆ ಮಾತ್ರ ಅದರಷ್ಟು ಗಟ್ಟಿ ಇನ್ನೊಂದಿಲ್ಲ. ಈ ಗುಟ್ಟನ್ನು ಹಿಡಿದವನು ಇಂಗ್ಲೆಂಡಿನ ಜಾರ್ಜ್ ಕೇಲಿ. ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕೆಂದು 1808ರಲ್ಲಿ ಎಳೆತದ ಚಕ್ರವನ್ನು ಯೋಚಿಸಿದ. 1869ರಲ್ಲಿ ಪ್ಯಾರಿಸ್ಸಿನ ಯುಜೀನ್ ಮೇಯರ್ ತಂತಿ ಕಡ್ಡಿಯ ಚಕ್ರಕ್ಕೆ ಪೇಟೆಂಟ್ ಪಡೆದ. ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸುವ ಜೋಡಣೆಗೆ 1874ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಪೇಟೆಂಟ್ ಮಾಡಿಸಿದ. ಇಂದು ಕೊಟ್ಟೂರಿನ ಸೈಕಲ್ ಶಾಪಿನಲ್ಲಿ ಕಡ್ಡಿ ಪೋಣಿಸುವುದೂ ಹಾಗೆಯೇ.

ಬಿಗಿದ ಚಕ್ರದಲ್ಲಿ ಒಂದೊಂದು ಕಡ್ಡಿಯೂ ಹತ್ತಾರು ಕಿಲೋ ತೂಗಿಬಿಟ್ಟಷ್ಟು ಎಳೆತದಲ್ಲಿರುತ್ತದೆ. ಸವಾರ ಕೂತಾಗ ನೆಲದ ಬಳಿಯ ಕೆಲವೇ ಕಡ್ಡಿಗಳ ಎಳೆತ ಸಡಿಲುತ್ತದೆ, ಉಳಿದವುಗಳಲ್ಲಿ ಬದಲಾವಣೆ ಅತ್ಯಲ್ಪ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರ ತಮ್ಮ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ರಿಮ್ಮಿಗೆ ಕೊಕ್ಕೆ ಹಾಕಿ ತೂಗಿದಾಗ ಆಗುವುದು ಇದಕ್ಕೆ ತಿರುಗುಮುರುಗು: ಕೊಕ್ಕೆಯ ಬಳಿಯ ಕಡ್ಡಿಗಳ ಎಳೆತ ತುಸು ಏರುತ್ತದೆ, ಅಷ್ಟೆ. ಸೈಕಲ್ಲಿನ ತೂಕ ಸುಮಾರು 20 ಕಿಲೋ. ಅದೇ ಚಕ್ರ ದಿನವೂ ಸವಾರನನ್ನು ಹೊತ್ತು ಗುಂಡಿ ಹಾರುವಾಗ ತಿನ್ನುವ ಪೆಟ್ಟಿನ ಮುಂದೆ ಇದು ಏನೂ ಅಲ್ಲ.

ಚಕ್ರ ಸೋಲುವುದು ಪಕ್ಕದ ಒತ್ತಡಕ್ಕೆ. ಗೋಡೆಗೆ ಒಂದರ ಮೇಲೊಂದು ಒರಗಿಸಿದ ಸೈಕಲ್ ರಾಶಿಯೇ ರಿಮ್ಮಿಗೆ ದೊಡ್ಡ ಶತ್ರು. ಇನ್ನು ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ನಿಂತರೆ ರಬ್ಬರಿನ ಪಕ್ಕ ಮಡಚಿ, ಬಿಸಿಲು ಮತ್ತು ಗಾಳಿಯ ಓಝೋನಿಗೆ ಆ ಮಡಿಕೆಯಲ್ಲೇ ಸೀಳು ಬಿಡುತ್ತದೆ. ತೂಗಿದ ಟೈರಿಗೆ ಈ ಕಾಟವಿಲ್ಲ.

ಕೊಕ್ಕೆಯನ್ನು ಕಡ್ಡಿಗೆ ಸಿಕ್ಕಿಸದೆ ರಿಮ್ಮಿಗೇ ಹಾಕಿ, ವಾಲ್ವ್‌ನಿಂದ ದೂರವಿರಲಿ. ಕೊಕ್ಕೆಗೆ ಹಳೆಯ ಟ್ಯೂಬಿನ ತುಂಡು ಸುತ್ತಿದರೆ ಬಣ್ಣ ಕೀಳುವುದಿಲ್ಲ. ಚಕ್ರದ ಚಿಂತೆ ಬಿಟ್ಟು ತೊಲೆಗೆ ಗೆದ್ದಲು ಹಿಡಿದಿದೆಯೇ ಎಂದು ಮೊದಲು ತಟ್ಟಿ ನೋಡಿ.